ಚಿಕ್ಕ ತುಂಡು ತಾಳಿದ ಮೇಲೆ ತೋಳು ಏಕೆ ಮುರಿಯಿತು?

ಗುಬ್ಬಿಯ ಮಿತ್ರರಿಗೆ ನಮಸ್ಕಾರ. ಅಡಿಕೆ ಸುಲಿಯುವ ಯಂತ್ರಕ್ಕೆಂದು ಲೋಹದ ಪುಡಿಯಿಂದ 3ಡಿ ಮುದ್ರಣದಲ್ಲಿ ಮಾಡಿಸಿದ 17-4 ಪಿಎಚ್ ಎಂಬ, ಕಾಯಿಸಿ ಗಡಸು ಮಾಡಬಲ್ಲ ತುಕ್ಕುರಹಿತ ಸ್ಟೀಲಿನ ತೋಳು 26 ದಿನಗಳಲ್ಲಿ ಮುರಿಯಿತೆಂದೂ, ಅದೇ ಪುಡಿಯ 3 ಮಿ.ಮೀ. ದಪ್ಪದ ನಾಲ್ಕು ತುಂಡುಗಳನ್ನು ಪಾಲಿಶ್ ಮಾಡಿ ಪರೀಕ್ಷಿಸಿದಾಗ ನಾಲ್ಕೂ 10 ಲಕ್ಷ ಬಾಗುಗಳನ್ನು ತಾಳಿದ್ದವೆಂದೂ ಬರೆದು, ಪರೀಕ್ಷೆಯೇ ಸುಳ್ಳಾಯಿತೇ ಎಂದು ಕೇಳಿದ್ದೀರಿ. ಪರೀಕ್ಷೆ ಸುಳ್ಳಲ್ಲ; ಅದು ಉತ್ತರಿಸಿದ ಪ್ರಶ್ನೆ ಬೇರೆ. ವಸಂತನರಸಾಪುರದ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದಾಗ ನಾನೂ ಇದೇ ತಪ್ಪು ಮಾಡಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನಿಮ್ಮ ಯಂತ್ರ ನಿಮಿಷಕ್ಕೆ 300 ಸುತ್ತು ತಿರುಗಿ, ಪ್ರತಿ ಸುತ್ತಿಗೂ ತೋಳು ಒಮ್ಮೆ ಬಾಗುವುದಾದರೆ, ದಿನಕ್ಕೆ ಎಂಟು ಗಂಟೆಯಂತೆ 1,44,000 ಬಾಗುಗಳಾಗುತ್ತವೆ. ಎಂದರೆ ನೀವು ಪರೀಕ್ಷಿಸಿದ 10 ಲಕ್ಷ ಏಳು ದಿನಗಳ ಕೆಲಸ ಮಾತ್ರ. ತೋಳು ಮುರಿದದ್ದು ಸುಮಾರು 37 ಲಕ್ಷದಲ್ಲಿ. ಪರೀಕ್ಷೆಯನ್ನು ಒಂದು ಕೋಟಿಯವರೆಗೆ ನಡೆಸಬೇಕಿತ್ತು. ಸೆಕೆಂಡಿಗೆ 20 ಬಾಗುಗಳಂತೆ ಅದಕ್ಕೆ ಆರು ದಿನ ಹತ್ತಿರ ಹಿಡಿಯುತ್ತದೆ, ಆದರೆ ಬೇರೆ ದಾರಿಯಿಲ್ಲ.

ಇದಕ್ಕಿಂತ ಮುಖ್ಯವಾದ ಕಾರಣ ತುಂಡಿನ ಗಾತ್ರದಲ್ಲಿದೆ. ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ಚೀಲದಿಂದ ನಾಲ್ಕೇ ಗಿಟುಕು ತೆಗೆದು ನೋಡಿದರೆ ನಾಲ್ಕೂ ಚೆನ್ನಾಗಿರಬಹುದು. ಕೆಟ್ಟದ್ದು ಚೀಲದ ನಡುವೆಯೇ ಇರಬಹುದು. ಮುದ್ರಿತ ಲೋಹದೊಳಗೆ ಅನಿಲದ ಸಣ್ಣ ಗುಳ್ಳೆಗಳೂ, ಒಂದು ಪದರ ಇನ್ನೊಂದರೊಡನೆ ಸರಿಯಾಗಿ ಕರಗಿ ಬೆಸೆಯದ ಚಪ್ಪಟೆ ಬಿರುಕುಗಳೂ ಹರಡಿರುತ್ತವೆ. ಲೋಹ ದಣಿದು, ಎಂದರೆ ಮತ್ತೆ ಮತ್ತೆ ಬಾಗಿ, ಮುರಿಯುವುದು ಸರಾಸರಿ ದೋಷದಿಂದಲ್ಲ, ಹೆಚ್ಚಿನ ಒತ್ತಡವಿರುವ ಜಾಗದ ಅತಿ ದೊಡ್ಡ ದೋಷದಿಂದ. ತುಂಡು ಚಿಕ್ಕದಾದಷ್ಟೂ ಅಂಥ ದೋಷ ಅದರೊಳಗೆ ಸಿಕ್ಕುವ ಸಂಭವ ಕಡಿಮೆ, ಆದ್ದರಿಂದ ಫಲಿತಾಂಶ ಆಶಾದಾಯಕವಾಗಿಯೇ ಕಾಣುತ್ತದೆ.

ಲೋಹದ ದಣಿವನ್ನು ಅಧ್ಯಯನ ಮಾಡಿದ ಜಪಾನಿನ ಸಂಶೋಧಕ ಮುರಾಕಮಿಯವರು ಉಕ್ಕಿಗೆ ಕೊಟ್ಟ ಸೂತ್ರದಂತೆ ದಣಿವಿನ ಮಿತಿಯು (ಎಷ್ಟು ಸಲ ಬಾಗಿದರೂ ಮುರಿಯದಿರುವ ಗರಿಷ್ಠ ಒತ್ತಡ) ದೋಷದ ವಿಸ್ತೀರ್ಣದ ವರ್ಗಮೂಲದ ಆರನೇ ಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ, ಎಂದರೆ ದೋಷ ದೊಡ್ಡದಾದಷ್ಟೂ ಮಿತಿ ನಿಧಾನವಾಗಿ ಕಡಿಮೆಯಾಗುತ್ತದೆ. ಗಡಸುತನ ವಿಕರ್ಸ್ ಅಳತೆಯಲ್ಲಿ 350 ಇದ್ದು, ಭಾರ ಎರಡೂ ದಿಕ್ಕಿಗೆ ಸಮನಾಗಿ ಬೀಳುವಾಗ, ಮೇಲ್ಮೈ ದೋಷದ ಆ ವರ್ಗಮೂಲ 50 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಇದ್ದರೆ ಮಿತಿ ಸುಮಾರು 350 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ). 200 ಮೈಕ್ರಾನ್ ಆದರೆ ಸುಮಾರು 278. ಒಳಗಿನ ದೋಷಕ್ಕಿಂತ ಮೇಲ್ಮೈಯದು ಹೆಚ್ಚು ಅಪಾಯಕಾರಿ ಎಂಬುದೂ ಅದೇ ಸೂತ್ರದಲ್ಲಿದೆ. ನಿಮ್ಮ ತುಂಡುಗಳು ಪಾಲಿಶ್ ಆಗಿದ್ದವು, ತೋಳು ಮುದ್ರಣವಾದಂತೆಯೇ ಒರಟಾಗಿತ್ತು. ಆ ಒರಟುತನವೊಂದೇ ಮಿತಿಯನ್ನು ಅರ್ಧಕ್ಕೆ ಇಳಿಸುವುದುಂಟು.

ಚಿಕ್ಕ ತುಂಡುಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಪುಡಿ ದುಬಾರಿ, ಮುದ್ರಣ ಯಂತ್ರದ ಜಾಗವೂ ಸೀಮಿತ. ತೋಳಿನ ಪಕ್ಕದಲ್ಲೇ ಒಂದೇ ಸಲಕ್ಕೆ ಹತ್ತಾರು ತುಂಡುಗಳನ್ನು ಮುದ್ರಿಸಬಹುದೆಂಬುದು ದೊಡ್ಡ ಅನುಕೂಲ. ಆದರೆ ಪದರಗಳ ದಿಕ್ಕು ತೋಳಿನಲ್ಲಿರುವಂತೆಯೇ ಇರಲಿ, ಏಕೆಂದರೆ ಎಳೆತ ಪದರಗಳಿಗೆ ಅಡ್ಡವಾಗಿ ಬಿದ್ದಾಗ ಆ ಚಪ್ಪಟೆ ಬಿರುಕುಗಳು ಬಾಯಿ ತೆರೆಯುತ್ತವೆ. ಕಾಯಿಸಿ ಗಡಸು ಮಾಡುವ ಕ್ರಮವೂ ಮೇಲ್ಮೈಯೂ ತೋಳಿನದೇ ಆಗಿರಲಿ. ನಾಲ್ಕು ಸಾಲದು: ವಿನ್ಯಾಸಕ್ಕೆ ನೆಚ್ಚಬೇಕಾದರೆ ಎಎಸ್‌ಟಿಎಂ ಇ739 ಪ್ರಮಾಣ (ದಣಿವಿನ ಪರೀಕ್ಷೆಯ ಫಲಿತಾಂಶಗಳ ಲೆಕ್ಕಕ್ಕೆ ಅಮೆರಿಕದ ಸಂಸ್ಥೆಯೊಂದು ಕೊಟ್ಟ ಮಾನದಂಡ) 12ರಿಂದ 24 ತುಂಡುಗಳನ್ನು ಕೇಳುತ್ತದೆ. ಮುಂದಿನ ತೋಳಿನಲ್ಲಿ ಬಾಗುವ ಮೂಲೆಯನ್ನಾದರೂ ಲೇತ್ ಅಥವಾ ಮಿಲ್ಲಿಂಗ್‌ನಲ್ಲಿ ನಯಗೊಳಿಸಿ, ಮೂಲೆಯ ದುಂಡನ್ನು ಹೆಚ್ಚಿಸಿ.

ಮುರಿದ ತೋಳನ್ನು ಎಸೆಯಬೇಡಿ, ಎರಡು ಮುಖಗಳನ್ನು ಒಂದಕ್ಕೊಂದು ಉಜ್ಜಲೂಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದರೆ ಕಪ್ಪೆಚಿಪ್ಪಿನ ಗೆರೆಗಳಂತಹ ವಲಯಗಳು ಒಂದು ಬಿಂದುವಿನತ್ತ ಕೂಡಿರುವುದು ಕಾಣಬಹುದು. ಬಿರುಕು ಹುಟ್ಟಿದ್ದು ಅಲ್ಲೇ. ಆ ಬಿಂದು ಹೊರ ಅಂಚಿನಲ್ಲಿದೆಯೋ, ಒಳಗಿನ ಗುಳ್ಳೆಯಲ್ಲಿದೆಯೋ ಕಾಣುವಂತೆ, ಓರೆ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಇಲ್ಲೇ ಹಾಕಿ.