ಹಳೆಯ ಚರ್ಮದ ಬೂಟು, ಹೊಸ ಬೈಂಡಿಂಗ್: ಟೆಲಿಮಾರ್ಕ್ ಸ್ಕೀ ಪ್ರಶ್ನೆಗೆ ಪ್ರತಿಕ್ರಿಯೆ

ಹಿಮ್ಮಡಿಯನ್ನು ಸ್ಕೀಗೆ ಬಿಗಿಯದೆ ಮೇಲೇಳಲು ಬಿಡುವ ಟೆಲಿಮಾರ್ಕ್ ಶೈಲಿಯಲ್ಲಿ, ಮೂರು ಪಿನ್ನಿನ ಬೈಂಡಿಂಗ್‌ಗೆಂದು (ಬೂಟನ್ನು ಸ್ಕೀಗೆ ಹಿಡಿದಿಡುವ ಸಲಕರಣೆಗೆಂದು) ಕೊಂಡ ಚರ್ಮದ ಬೂಟುಗಳನ್ನು ಈಗಿನ ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್) ಬೈಂಡಿಂಗ್‌ಗೆ ಬಳಸಬಹುದೇ, ಆಗದಿದ್ದರೆ ಈ ವ್ಯವಸ್ಥೆ ಏಕೆ ಬದಲಾಯಿತು ಎಂದು ತಾವು ಕೇಳಿದ್ದೀರಿ. ಬಳಸಲಾಗದು. ಹಳೆಯ ಬೂಟಿನ ಅಟ್ಟೆ ಮುಂದಕ್ಕೆ ಬಾತುಕೋಳಿಯ ಕೊಕ್ಕಿನಂತೆ ಚಾಚಿಕೊಂಡಿದ್ದು, 75 ಮಿ.ಮೀ. ಅಗಲದ ಆ ತುದಿಯ ರಂಧ್ರಗಳಲ್ಲಿ ಪಿನ್ನುಗಳು ಕೂರುತ್ತವೆ. 2007ರಲ್ಲಿ ನಾರ್ವೆಯ ರೊಟ್ಟೆಫೆಲ್ಲಾ ಸಂಸ್ಥೆ ತಂದ ಎನ್‌ಟಿಎನ್‌ನ ಬೂಟಿಗೆ ಈ ಚಾಚು ಇಲ್ಲ. ಅಲ್ಲಿ ಬೈಂಡಿಂಗ್ ಹಿಡಿಯುವುದು ಪಾದದ ಕೆಳಗೆ, ಅಟ್ಟೆಯ ನಡುವಿನಲ್ಲಿರುವ ಇನ್ನೊಂದು ಅಂಚನ್ನು.

ಹಿಮ್ಮಡಿ ಮೇಲೇಳಲು ಬಿಡುವ ಮೂಲ ತತ್ತ್ವ ಮಾತ್ರ 19ನೆಯ ಶತಮಾನದಲ್ಲಿ ನಾರ್ವೆಯ ಮೊರ್ಗೆಡಾಲ್ ಊರಿನ ಸ್ಕೀಗಾರ ಸೊಂಡ್ರೆ ನೊರ್ಹೈಮ್ ಹೊಸೆದ ಕಡ್ಡಿಗಳಿಂದ ಹಿಮ್ಮಡಿಯ ಸುತ್ತ ಕಟ್ಟಿದ ಕಾಲದಿಂದಲೂ ಹಾಗೆಯೇ ಉಳಿದಿದೆ. 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಈ ಶೈಲಿ ಮತ್ತೆ ಚಿಗುರಿದಾಗಲೂ ಸಲಕರಣೆಯೆಂದರೆ ಕಿರಿದಾದ ಸ್ಕೀ ಮತ್ತು ಮೆತ್ತನೆಯ ಚರ್ಮದ ಬೂಟುಗಳೇ.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1992ರಲ್ಲಿ ಇಟಲಿಯ ಸ್ಕಾರ್ಪಾ ತಂದ ಟರ್ಮಿನೇಟರ್ ಎಂಬ ಪ್ಲಾಸ್ಟಿಕ್ ಬೂಟು. ಬೂಟು ಪಕ್ಕಕ್ಕೆ ಬಾಗದಂತಾದ ಮೇಲೆ ಅಗಲವಾದ, ಭಾರವಾದ ಸ್ಕೀಯನ್ನೂ ಅಂಚಿನ ಮೇಲೆ ನಿಲ್ಲಿಸಲು ಸಾಧ್ಯವಾಯಿತು. ಆದರೆ ಆ ತಿರುಚುಬಲವೆಲ್ಲ ಮುಂದಿನ ಪುಟ್ಟ ಚಾಚಿನ ಮೇಲೆ ಬೀಳತೊಡಗಿದ್ದರಿಂದ ಮೊದಲು ಹಿಮ್ಮಡಿಯ ಸುತ್ತ ತಂತಿ ಹಾಯುವ ಗಟ್ಟಿಯಾದ ಕೇಬಲ್ ಬೈಂಡಿಂಗ್‌ಗಳು ಬಳಕೆಗೆ ಬಂದವು, ಅನಂತರ ಎನ್‌ಟಿಎನ್ ಬಂದಿತು.

ತಮ್ಮ ಬೂಟುಗಳನ್ನು ದಯವಿಟ್ಟು ಎಸೆಯಬೇಡಿ. ಮೂರು ಪಿನ್ನಿನ ಬೈಂಡಿಂಗ್‌ಗಳು ಇಂದಿಗೂ ದೊರೆಯುತ್ತವೆ. ಹಗುರವಾದ ಕಿರಿದಾದ ಸ್ಕೀಯೊಂದಿಗೆ, ತಗ್ಗಿನ ಇಳಿಜಾರುಗಳಲ್ಲಿ ದೂರ ಸಾಗಲು ಚರ್ಮದ ಬೂಟೇ ಹೆಚ್ಚು ಹಿತ. ಕಡಿದಾದ ಇಳಿಜಾರು ತಮ್ಮ ಗುರಿಯಾಗಿದ್ದರೆ ಬೂಟು ಮತ್ತು ಬೈಂಡಿಂಗ್ ಎರಡನ್ನೂ ಒಟ್ಟಿಗೇ ಬದಲಾಯಿಸಿ.