ಮಸಾಜ್ ಕಲಿಸಿಬಿಡಿ ಅನ್ನುವ ನೆಂಟರಿಗೆ

ಈ ಸಲವೂ ಅದೇ ಹಳೇ ರಾಗದ ಪ್ರಶ್ನೆಗಳು. ಒಂದಕ್ಕೆ ಮಾತ್ರ ಉದ್ದನೆಯ ಉತ್ತರ ಬೇಕು. ಉಳಿದವಕ್ಕೆ ಒಂದೆರಡು ಸಾಲು ಧಾರಾಳ.

ಪ್ರಶ್ನೆ: ಮಗನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ (ನಿಧಾನಕ್ಕೆ ದೃಷ್ಟಿ ಕುಂದಿಸುವ ಕಣ್ಣಿನ ರೋಗ). ಕತ್ತಲಾದರೆ ತೋಟದ ಸಂಕ ದಾಟುವುದಿಲ್ಲ. ಪಿಯುಸಿ ಸೈನ್ಸ್ ಮುಗಿಸಿ ಫಿಸಿಯೋಥೆರಪಿ ಓದುತ್ತೇನೆ ಅನ್ನುತ್ತಾನೆ. ನೆಂಟರು, 'ಕಣ್ಣಿಲ್ಲದವರ ಕೈಯಲ್ಲಿ ದೇವರೇ ಇರ್ತಾನೆ, ಮಸಾಜ್ ಕಲಿಸಿಬಿಡಿ, ಹೊಟ್ಟೆಪಾಡು ಆಗತ್ತೆ' ಅನ್ನುತ್ತಾರೆ. ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ಓದಿಸಿ. ನೆಂಟರ ಮಾತಿಗೆ ಕಿವಿ ಕೊಡಬೇಡಿ. ದೇವರು ಯಾರ ಕೈಯಲ್ಲೂ ಇರುವುದಿಲ್ಲ. ಬೆರಳು ಚುರುಕಾಗುವುದು ಅಭ್ಯಾಸದಿಂದ. ಸೊಂಟದ ಮೂಳೆಯ ಮೇಲಂಚನ್ನು ಎರಡೂ ಕಡೆ ಹಿಡಿದು ಹೆಬ್ಬೆರಳನ್ನು ಒಳಕ್ಕೆ ಸರಿಸಿದರೆ ಸೊಂಟದ ನಾಲ್ಕನೇ ಕಶೇರುವಿನ, ಅಂದರೆ ಬೆನ್ನುಮೂಳೆಯ ಮಣಿಯ, ಆಸುಪಾಸಿಗೆ ಬರುತ್ತೇವೆ. ಅದು ನೂರು ಬೆನ್ನು ಮುಟ್ಟಿದ ಮೇಲೆ ಕೈಗೆ ಹತ್ತುವ ವಿದ್ಯೆ. ಕಣ್ಣಿದ್ದವರೂ ಹಾಗೇ ಕಲಿಯುವುದು.

ಇದು ಮೊನ್ನೆ ಮೊನ್ನೆ ಶುರುವಾದ ಪ್ರಯೋಗವೂ ಅಲ್ಲ. ಜಪಾನಿನ ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಚಿಕಿತ್ಸಕ ಸುಗಿಯಾಮಾ ವಾಇಚಿಗೆ (1610–1694) ಕಣ್ಣು ಕಾಣುತ್ತಿರಲಿಲ್ಲ. ಸೂಜಿಗಿಂತ ತುಸು ಗಿಡ್ಡದಾದ ಕೊಳವೆಯಲ್ಲಿ ಸೂಜಿ ಇಳಿಸಿ, ಹೊರಗೆ ಉಳಿದ ತುದಿಯನ್ನು ಬೆರಳಿನಿಂದ ತಟ್ಟುವ ಕ್ರಮ ಅವರದು. ಇವತ್ತಿಗೂ ಅಕ್ಯುಪಂಕ್ಚರ್ ಸೂಜಿಗಳ ಜೊತೆ ಆ ಕೊಳವೆ ಬರುತ್ತದೆ. (ಅಕ್ಯುಪಂಕ್ಚರ್ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಜಗಳ ಇಲ್ಲಿ ಬೇಡ.) ಲಂಡನ್ನಿನಲ್ಲಿ ಮಸಾಜ್ ಹೆಸರಿನಲ್ಲಿ ಬೇರೆ ದಂಧೆ ನಡೆದು ವೃತ್ತಿಗೇ ಕೆಟ್ಟ ಹೆಸರು ಬಂದಿತ್ತು. ಹಾಗಾಗಿ 1894ರಲ್ಲಿ ನರ್ಸ್‌ಗಳು ಸಂಘ ಕಟ್ಟಿ ಪರೀಕ್ಷೆ ಇಟ್ಟರು. ಬ್ರಿಟನ್ನಿನ ಫಿಸಿಯೋಥೆರಪಿ ವೃತ್ತಿ ಬೆಳೆದದ್ದು ಆ ಸಂಘದಿಂದಲೇ. 1915ರಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ತರಬೇತಿ ಕೇಂದ್ರ ಶುರುವಾಯಿತು. ಗ್ಲಾಕೋಮಾದಿಂದ ತಾವೇ ದೃಷ್ಟಿ ಕಳೆದುಕೊಂಡ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ ಅದನ್ನು ತೆರೆದದ್ದು ಯುದ್ಧದಲ್ಲಿ ಕಣ್ಣು ಹೋದ ಸೈನಿಕರಿಗಾಗಿ. ಅಲ್ಲಿ ಬುಟ್ಟಿ ಹೆಣೆಯುವುದೂ ಇತ್ತು, ಕೋಳಿ ಸಾಕಣೆಯೂ ಇತ್ತು. ಮಸಾಜ್ ಆರಿಸಿಕೊಂಡವರು ಮಾತ್ರ ಅಂಗರಚನೆ ಓದಿ, ಕಣ್ಣಿದ್ದವರು ಬರೆದ ಪರೀಕ್ಷೆಯನ್ನೇ ಪಾಸು ಮಾಡಿ ಆಸ್ಪತ್ರೆ ಸೇರಿದರು. ಯಾರೂ ಅವರಿಗೆ ಕೃಪಾಂಕ ಕೊಡಲಿಲ್ಲ. ನೆಂಟರಿಗೆ ಇದನ್ನು ಓದಿ ಹೇಳಿ. ನಮ್ಮಲ್ಲೂ ಅಹಮದಾಬಾದಿನ ಅಂಧಜನ ಮಂಡಳ ಕಣ್ಣು ಕಾಣದವರಿಗೆ ಫಿಸಿಯೋಥೆರಪಿ ಕಲಿಸುತ್ತ ಬಂದಿದೆ.

ಇನ್ನು ಕೆಲಸದ ಮಾತು. ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುವ ಗೋನಿಯೋಮೀಟರಿಗೆ ಹತ್ತು ಡಿಗ್ರಿಗೊಂದು ಉಬ್ಬು ಚುಕ್ಕೆ, 90ಕ್ಕೆ ದಪ್ಪ ಚುಕ್ಕೆ ಇರಲಿ. ನೈಲ್ ಪಾಲಿಶ್ ಹನಿಯನ್ನು ಒಂದರ ಮೇಲೊಂದು ಮೂರು ಸಲ ಇಟ್ಟು ಒಣಗಿಸಿದರೆ ಸಾಕು. ಕರೆಂಟ್ ಕೊಡುವ ಯಂತ್ರದ ಗುಂಡಿಗೆ ಮಾತ್ರ ಸೊನ್ನೆ, ದಿನಾ ಬಳಸುವ ಮಟ್ಟ, ದಾಟಬಾರದ ಮಟ್ಟ, ಹೀಗೆ ಮೂರೇ ಚುಕ್ಕೆ. ಉತ್ಸಾಹದಲ್ಲಿ ಸುತ್ತಲೂ ಹತ್ತು ಚುಕ್ಕೆ ಹಾಕಿದರೆ ಬೆರಳಿಗೆ ಗೊಂದಲ, ರೋಗಿಗೆ ಶಾಕ್.

ವ್ಯಾಕ್ಸ್ ಬಾತ್ (ಕರಗಿದ ಮೇಣದಲ್ಲಿ ಅದ್ದುವ ಚಿಕಿತ್ಸೆ) ಕೈಗಾದರೆ 52ರಿಂದ 54 ಡಿಗ್ರಿ ಸೆಲ್ಸಿಯಸ್. ಮಾತಾಡುವ ಥರ್ಮಾಮೀಟರ್ ಇಟ್ಟುಕೊಳ್ಳಲಿ, ಥರ್ಮೋಸ್ಟ್ಯಾಟ್ ನಂಬಬೇಡಿ. ಅದಕ್ಕೂ ಮೊದಲು ಬಿಸಿ ನೀರಿನದೊಂದು, ತಣ್ಣೀರಿನದೊಂದು ಗಾಜಿನ ನಳಿಗೆ ಸೋಕಿಸಿ ರೋಗಿಗೆ ವ್ಯತ್ಯಾಸ ತಿಳಿಯುತ್ತದೆಯೇ ನೋಡಬೇಕು. ಇಲ್ಲಿ ಕಣ್ಣು ಮುಚ್ಚಬೇಕಾದವರು ರೋಗಿ. ಸಕ್ಕರೆ ಕಾಯಿಲೆಯವರಲ್ಲಿ ಈ ಪರೀಕ್ಷೆ ಬಿಟ್ಟರೆ ಚರ್ಮ ಸುಟ್ಟದ್ದು ಅವರಿಗೇ ಗೊತ್ತಾಗುವುದಿಲ್ಲ.

ಕಷ್ಟ ಎಲ್ಲಿದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ನಡಿಗೆ ಪರೀಕ್ಷೆ ಕಷ್ಟ. ರೋಗಿಯ ಹಿಂದೆ ನಡೆಯುತ್ತ ಸೊಂಟದ ಎರಡೂ ಬದಿಗೆ ಕೈಯಿಟ್ಟರೆ ಯಾವ ಕಡೆ ಕುಸಿಯುತ್ತದೆ ಎಂದು ತಿಳಿಯುತ್ತದೆ, ಕಾಲು ಎಳೆಯುವುದು ಕಿವಿಗೆ ಬೀಳುತ್ತದೆ. ಪಾದದ ತಿರುವು ಮಾತ್ರ ಇನ್ನೊಬ್ಬರ ಕಣ್ಣಿಗೆ ಬಿಡಬೇಕು. ಹಾಗೆಯೇ ಚರ್ಮದ ಬಣ್ಣ. ಊತ, ಬಿಸಿ ಕೈಬೆನ್ನಿಗೆ ಸಿಗುತ್ತವೆ, ಗಾಯ ಕಪ್ಪಿಟ್ಟದ್ದು ಸಿಗುವುದಿಲ್ಲ. 'ನಾನೇ ಎಲ್ಲ ನೋಡಿಕೊಳ್ತೇನೆ' ಅನ್ನುವ ಹಟ ಬೇಡ.

ಕಣ್ಣಿನ ತೊಂದರೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂಗವೈಕಲ್ಯ ಪ್ರಮಾಣಪತ್ರ ಈಗಲೇ ಮಾಡಿಸಿ. 2016ರ ಕಾಯ್ದೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಸೀಟಿನಲ್ಲಿ ಕನಿಷ್ಠ ಶೇ 5 ಮೀಸಲು ಇದೆ. ಸೀಟು ಹಂಚುವ ವಾರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡಿ ಪ್ರಯೋಜನವಿಲ್ಲ. ಬ್ರೈಲ್, ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್, ಬಿಳಿ ಕೋಲು, ಇವನ್ನು ದೃಷ್ಟಿ ಇರುವಾಗಲೇ ಕಲಿಯಲಿ. ಈ ರೋಗಕ್ಕೆ ಬೇರಿನ ರಸ ಬಿಡುವ ಪಂಡಿತರು ನಮ್ಮ ಘಟ್ಟದಲ್ಲಿ ಬೇಕಾದಷ್ಟಿದ್ದಾರೆ. ಇರುವ ದೃಷ್ಟಿಯನ್ನು ಅವರ ಕೈಗೆ ಕೊಡಬೇಡಿ.

ಪ್ರಶ್ನೆ: ಕಣ್ಣು ಕಾಣದವರು ಕರೆಂಟ್ ಕೊಟ್ಟರೆ ಅಪಾಯ ಅಲ್ಲವೇ? (ಭದ್ರಾವತಿ)

ಉತ್ತರ: ಫೋನಿನಲ್ಲಿ ಮಾತಾಡುತ್ತ ಗುಂಡಿ ತಿರುಗಿಸುವವರು ಕರೆಂಟ್ ಕೊಟ್ಟರೆ ಅಪಾಯ.

ಪ್ರಶ್ನೆ: ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಸೊಂಟ ಹಿಡಿದಿದೆ. ಮಸಾಜ್ ಎಷ್ಟು ದಿನ ಮಾಡಿಸಲಿ? (ಸಾಗರ)

ಉತ್ತರ: ಮಸಾಜ್ ಆಮೇಲೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಪ್ರಶ್ನೆ: ಮರದಿಂದ ಬಿದ್ದವರ ಕತ್ತನ್ನು ನಾಟಿಯವರಿಂದ 'ಲಟಕ್' ಅನ್ನಿಸಿ ಕೂರಿಸಬಹುದೇ? (ಹೊಸನಗರ)

ಉತ್ತರ: ಬೇಡ. ಬಿದ್ದವರನ್ನು ಎತ್ತಬೇಡಿ, ಕತ್ತು ಅಲುಗದಂತೆ ಇದ್ದಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ.