ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಬರ್ಕ್ಲಿಯ ಅಡ್ವೆಂಚರ್ ಪ್ಲೇಗ್ರೌಂಡಿನಲ್ಲಿ ಮಕ್ಕಳ ಕೈಗೆ ಸುತ್ತಿಗೆ, ಗರಗಸ ಕೊಡುತ್ತಾರಂತೆ. ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದೇ? ಊರಿಂದ ಅತ್ತೆ ಮಾವನೂ ಬಂದಿದ್ದಾರೆ.

ಧಾರಾಳವಾಗಿ ಹೋಗಿ. ನಿಮ್ಮ ಮಗನಿಗಂತೂ ಹೇಳಿ ಮಾಡಿಸಿದ ಜಾಗ. ಮಗಳಿಗೂ ಆಗುತ್ತದೆ, ಆದರೆ ಅವಳ ಜೊತೆ ದೊಡ್ಡವರೊಬ್ಬರು ಪೂರ್ತಿ ಹೊತ್ತು ಇರಬೇಕು. ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಾ ಅಲ್ಲ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಿಕ್ಕ ಮಕ್ಕಳ ವಿಷಯದಲ್ಲಿ ಅಲ್ಲಿನವರೂ ಇದನ್ನೇ ಹೇಳುತ್ತಾರೆ. ಮನೆಯಲ್ಲಿ ಈಗ ನಾಲ್ಕು ಜನ ದೊಡ್ಡವರಿದ್ದೀರಲ್ಲ, ಹೋಗುವುದಕ್ಕೆ ಇದಕ್ಕಿಂತ ಒಳ್ಳೆ ಸಮಯ ಸಿಗಲಿಕ್ಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾರುಬಂಡೆ, ಉಯ್ಯಾಲೆ, ಅಂದವಾದ ಹುಲ್ಲುಹಾಸು ಅಂದುಕೊಂಡು ಹೋದರೆ ನಿಮ್ಮ ಅತ್ತೆಯವರು ಗೇಟಿನಲ್ಲೇ "ಇದೇನು ಗುಜರಿ ಅಂಗಡಿಗೆ ಕರ್ಕೊಂಡು ಬಂದ್ರಿ" ಅಂದಾರು. ಈ ಜಾಗ ಮರೀನಾದಲ್ಲಿ, ಅಂದರೆ ದೋಣಿಗಳು ನಿಲ್ಲುವ ಬಂದರಿನಲ್ಲಿ, ಶೋರ್‌ಬರ್ಡ್ ಪಾರ್ಕಿನ ಹತ್ತಿರ, ಕೊಲ್ಲಿಯ ದಡಕ್ಕೇ ಅಂಟಿಕೊಂಡಂತಿದೆ. 1979ರಿಂದ ಇದೆ, ನಡೆಸುವುದು ಊರಿನ ನಗರಾಡಳಿತವೇ. ಒಳಗೆಲ್ಲ ಮಕ್ಕಳೇ ಮೊಳೆ ಹೊಡೆದು ನಿಲ್ಲಿಸಿದ ಸೊಟ್ಟಪಟ್ಟ ಹಲಗೆಯ ಗುಡಿಸಲುಗಳು, ಬಣ್ಣದ ಮೇಲೆ ಬಣ್ಣ ಬಳಿದ ಕಂಬಗಳು. ಇವತ್ತು ಒಬ್ಬ ಕಟ್ಟಿದ್ದಕ್ಕೆ ನಾಳೆ ಇನ್ನೊಬ್ಬಳು ಬಂದು ಮಾಡು ಹಾಕುತ್ತಾಳೆ.

ಈ ಬಗೆಯ ಆಟದ ಜಾಗ ಮೊದಲು ಶುರುವಾದದ್ದು ಡೆನ್ಮಾರ್ಕಿನಲ್ಲಿ. ಉದ್ಯಾನಗಳ ವಿನ್ಯಾಸ ಮಾಡುತ್ತಿದ್ದ ಸೊರೆನ್ಸೆನ್ ಎಂಬವರು ಮಕ್ಕಳು ತಮಗಾಗಿ ಕಟ್ಟಿದ ಆಟದ ಮೈದಾನ ಬಿಟ್ಟು, ಕಟ್ಟಡದ ಕೆಲಸ ನಡೆಯುವಲ್ಲಿ ಹೋಗಿ ಆಡುವುದನ್ನು ಗಮನಿಸಿದರು. ಹಾಗಾದರೆ ಅಂಥ ಜಾಗವನ್ನೇ ಕೊಟ್ಟರಾಯಿತಲ್ಲ ಅಂತ ಅವರ ಲೆಕ್ಕ. 1943ರಲ್ಲಿ, ದೇಶ ಜರ್ಮನರ ಹಿಡಿತದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಮ್ದ್ರುಪ್‌ನಲ್ಲಿ ಅದು ಆಯಿತು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಉದ್ಯಾನ ವಿನ್ಯಾಸಗಾರ್ತಿ ಲೇಡಿ ಅಲೆನ್ ಅದನ್ನು ನೋಡಿ ಬಂದು ಬ್ರಿಟನ್ನಿನಲ್ಲಿ ಪ್ರಚಾರ ಮಾಡಿದರು, ಬಾಂಬು ಬಿದ್ದು ಬಯಲಾದ ಲಂಡನ್ನಿನ ಜಾಗಗಳಲ್ಲಿ ಮಕ್ಕಳು ಕಟ್ಟತೊಡಗಿದರು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುವಾಗ ಸುರಿದ ಮರಳ ಗುಡ್ಡೆ ಮೇಲೆ ಬಿದ್ದು ಹೊರಳಾಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಪಾಯದ ಮಾತು. ಕೇಳಿದ ತಕ್ಷಣ ಸುತ್ತಿಗೆ ಕೈಗೆ ಕೊಡುವುದಿಲ್ಲ. ಮಗು ಮೊದಲು ನೆಲದಲ್ಲಿ ಬಿದ್ದಿರುವ ಮೊಳೆಗಳನ್ನೋ ಸಿಬಿರೆದ್ದ ಮರದ ಚೂರುಗಳನ್ನೋ ಆರಿಸಿ ತಂದುಕೊಡಬೇಕು. ಅಥವಾ ಹಲಗೆಯಿಂದ ಮೇಲಕ್ಕೆ ಚಾಚಿಕೊಂಡಿರುವ ಮೊಳೆ ಹುಡುಕಬೇಕು, ಅದಕ್ಕೆ ಅಲ್ಲಿ 'ಮಿಸ್ಟರ್ ಡೇಂಜರಸ್' ಅಂತ ಹೆಸರು. ಅದರ ಬದಲಿಗೆ ಸುತ್ತಿಗೆ, ಗರಗಸ ಅಥವಾ ಬಣ್ಣ ಸಿಗುತ್ತದೆ. ಇಡೀ ಜಾಗದಲ್ಲಿ ನನಗೆ ಹಿಡಿಸಿದ ಜಾಣತನ ಇದೇ. ನೆಲವೂ ಚೊಕ್ಕಟವಾಗುತ್ತದೆ, ಎಲ್ಲಿ ಕಾಲಿಡಬೇಕು ಅಂತ ನೋಡುವ ಕಣ್ಣೂ ಮಗುವಿಗೆ ಬರುತ್ತದೆ. "ಹುಷಾರು ಹುಷಾರು" ಅಂತ ನಾವು ಬಾಯಿ ಬಡಿದುಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಆದರೂ ಬೆರಳು ಜಜ್ಜಿಕೊಳ್ಳುವುದು, ಸಿಬಿರು ಚುಚ್ಚಿಕೊಳ್ಳುವುದು ಆಗುವಂಥದ್ದೇ. ಅಷ್ಟನ್ನೂ ಸಹಿಸಲಾರೆವು ಅನ್ನುವ ಮನೆಯವರು ಹೋಗದಿರುವುದೇ ವಾಸಿ.

ನಿಮ್ಮ ಮಗ ಸುತ್ತಿಗೆ ಹಿಡಿದದ್ದೇ ಹಿಡಿಯ ತುದಿ ಹಿಡಿದು ಬೀಸಲು ಹೋಗುತ್ತಾನೆ. ಸುತ್ತಿಗೆಯ ತಲೆಗೆ ಹತ್ತಿರವಾಗಿ, ಹಿಡಿಯ ಮಧ್ಯದಲ್ಲಿ ಹಿಡಿಯಲು ಹೇಳಿ, ಮೊದಲ ಕೆಲವು ಪೆಟ್ಟು ಬರೀ ತಟ್ಟಿದಂತಿರಲಿ. ಮೊಳೆಯನ್ನು ಬೆರಳಲ್ಲಿ ಹಿಡಿಸಬೇಡಿ. ಬಟ್ಟೆ ಒಣಗಹಾಕುವ ಕ್ಲಿಪ್ಪು ಒಂದೆರಡು ಜೇಬಿಗೆ ಹಾಕಿಕೊಂಡು ಹೋಗಿ, ಅದರ ಬಾಯಲ್ಲಿ ಮೊಳೆ ಕಚ್ಚಿಸಿ ನಿಲ್ಲಿಸಿದರೆ ಪೆಟ್ಟು ತಪ್ಪಿದರೂ ಬೆರಳು ದೂರ ಇರುತ್ತದೆ. ಗರಗಸಕ್ಕೆ ಹಲಗೆ ಅಲ್ಲಾಡಬಾರದು, ಒಂದು ಕೊನೆಯನ್ನು ನೀವು ಕಾಲಲ್ಲಿ ಒತ್ತಿ ಹಿಡಿಯಿರಿ. ಮೊದಲು ತನ್ನ ಕಡೆಗೆ ನಾಲ್ಕಾರು ಸಲ ಎಳೆದು ಗೆರೆ ಬೀಳಿಸಿಕೊಳ್ಳಲಿ, ಆಮೇಲೆ ತಳ್ಳಲಿ. ಇಷ್ಟು ತೋರಿಸಿ ಸುಮ್ಮನಾಗಿ. ಅಲ್ಲಿ ಪ್ರತಿಸಲ ನೋಡುವ ದೃಶ್ಯವೆಂದರೆ ಅಪ್ಪಂದಿರು ಬೆವರು ಸುರಿಸಿ ಗುಡಿಸಲು ಕಟ್ಟುತ್ತಿರುತ್ತಾರೆ, ಮಗು ಪಕ್ಕದಲ್ಲಿ ಮೊಳೆ ಡಬ್ಬ ಹಿಡಿದು ನಿಂತಿರುತ್ತದೆ!

ಮಗಳಿಗೆ ಬಣ್ಣ ಮತ್ತು ಬ್ರಷ್ ಸಾಕು, ಗಂಟೆಗಟ್ಟಲೆ ಬಳಿಯುತ್ತಾಳೆ. ಜಿಪ್‌ಲೈನ್ ಕೂಡ ಇದೆ, ಅಂದರೆ ತಂತಿಗೆ ಜೋತು ಜಾರಿ ಬರುವ ಆಟ, ಅದಕ್ಕೆ ಅವಳನ್ನು ಒತ್ತಾಯಿಸಬೇಡಿ. ಅಣ್ಣ ಹೋಗುವುದನ್ನು ನೋಡಿ ಮುಂದಿನ ಸಲ ತಾನೇ ಕೇಳಿಯಾಳು.

ಮಾವನವರನ್ನು ಮಾತ್ರ ಬಿಟ್ಟು ಹೋಗಬೇಡಿ. ನಮ್ಮಪ್ಪ ತಿಪಟೂರಿನಿಂದ ಬಂದಿದ್ದಾಗ ಮಾಲ್‌ಗಳಲ್ಲಿ ಕಾಲೆಳೆದುಕೊಂಡು ನಡೆಯುತ್ತಿದ್ದವರು ಅಲ್ಲಿ ಕಾಲಿಟ್ಟದ್ದೇ ಚುರುಕಾದರು. ನನ್ನ ಮಗಳು ಆರಿಸಿ ತಂದ ಸೊಟ್ಟ ಮೊಳೆಗಳನ್ನು ಕೌಂಟರಿಗೆ ಕೊಡಲು ಬಿಡದೆ, "ತಡಿ ಪುಟ್ಟಿ, ಇದನ್ಯಾಕೆ ಕೊಡ್ತೀಯ, ನೆಟ್ಟಗೆ ಮಾಡ್ಕೊಡ್ತೀನಿ" ಅಂತ ಕಲ್ಲಿನ ಮೇಲಿಟ್ಟು ಉರುಳಿಸಿ ಉರುಳಿಸಿ ತಟ್ಟತೊಡಗಿದರು. ಸ್ವಲ್ಪ ಹೊತ್ತಿಗೆ ಗುರುತು ಪರಿಚಯವಿಲ್ಲದ ಹುಡುಗರೆಲ್ಲ ತಮ್ಮ ಸೊಟ್ಟ ಮೊಳೆ ಹಿಡಿದು ಸುತ್ತ ಕೂತಿದ್ದರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಯಾರಿಗೂ ಅದು ಅಡ್ಡಿಯಾಗಲಿಲ್ಲ.

ಹೋಗುವ ಮುಂಚೆ ಟೆಟನಸ್ ಲಸಿಕೆ ನೋಡಿಕೊಳ್ಳಿ. ಇಲ್ಲಿ ಮಕ್ಕಳಿಗೆ ಟೆಟನಸ್ ಲಸಿಕೆ ಸೇರಿರುವ ಡಿಟ್ಯಾಪ್‌ನ ಐದನೇ ಡೋಸು ನಾಲ್ಕರಿಂದ ಆರು ವರ್ಷದೊಳಗೆ, ಮಗಳಿಗೆ ಇನ್ನೂ ಹಾಕಿಸಿರಲಿಕ್ಕಿಲ್ಲ, ಡಾಕ್ಟರನ್ನು ಕೇಳಿ. ದೊಡ್ಡವರಿಗೆ ಹತ್ತು ವರ್ಷಕ್ಕೊಮ್ಮೆ. ಚಪ್ಪಲಿ, ಸ್ಯಾಂಡಲ್ ಬೇಡ, ಗಟ್ಟಿ ಅಟ್ಟೆಯ ಶೂ ಎಲ್ಲರಿಗೂ ಇರಲಿ. ಬಟ್ಟೆಗೆ ಬಿದ್ದ ಬಣ್ಣ ಹೋಗುತ್ತದೆ ಅಂತ ನಂಬಬೇಡಿ, ಹಳೆಯದು ಹಾಕಿಸಿ. ಸಿಬಿರು ತೆಗೆಯಲು ಚಿಮಟ ಒಂದಿರಲಿ. ಜುಲೈ ತಿಂಗಳಾದರೂ ಮರೀನಾದಲ್ಲಿ ಗಾಳಿ ಕೊರೆಯುತ್ತದೆ, ಅತ್ತೆಯವರಿಗೆ ಸ್ವೆಟರ್ ಮರೆಯಬೇಡಿ. ತೆರೆದಿರುವ ದಿನ, ಹೊತ್ತು ಬದಲಾಗುತ್ತಿರುತ್ತದೆ, ನೋಡಿಕೊಂಡು ಹೊರಡಿ. ಹುಟ್ಟುಹಬ್ಬ ಅಂತ ನಾಲ್ಕೈದು ಮನೆಯ ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗುವುದಾದರೆ ಮುಂಚೆಯೇ ಬುಕ್ ಮಾಡಬೇಕು.